ಗುಂಡನ ಗೊರಕೆ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಹಂಗಾಮು ಶುರುವಾಯಿತೆಂದರೆ ನಮ್ಮನೆಯ ಪಗ್ ನಾಯಿ ಗುಂಡನಿಗೆ ಕಷ್ಟಕಾಲ. ಇಲ್ಲಿನ ಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು ನಿಜ. ಆದರೂ ಮಾರುಕಟ್ಟೆ ಕಡೆಯಿಂದ ಬರುವ ಘಾಟಿಗೆ ಊರೇ ಕೆಮ್ಮುತ್ತದೆ. ನಾವು ಕೆಮ್ಮಿ ಸುಮ್ಮನಾಗುತ್ತೇವೆ. ಗುಂಡ ಮಾತ್ರ ಮುಂಗಾಲು ಅಗಲಿಸಿ, ಕುತ್ತಿಗೆ ಚಾಚಿ, ಗರಗಸ ಎಳೆದಂತೆ ಉಸಿರೆಳೆಯುತ್ತಾನೆ. ಫ್ಯಾನಿನ ಕೆಳಗೆ ಮಲಗಿಸಿ ಒದ್ದೆ ಬಟ್ಟೆಯಿಂದ ಹೊಟ್ಟೆ, ಪಾದ ಒರೆಸುವುದು ನನ್ನ ಪಾಲಿನ ಕೆಲಸ. ಪಿಎಚ್.ಡಿ. ಅಧ್ಯಾಯ ಅಷ್ಟರಮಟ್ಟಿಗೆ ಮುಂದಕ್ಕೆ.

ಅಣ್ಣ ಅವನನ್ನು ಹುಬ್ಬಳ್ಳಿಯಿಂದ ತಂದ ದಿನ ಓಣಿಯವರೆಲ್ಲ ಅಂದದ್ದು ಒಂದೇ ಮಾತು: ‘ಹಚ್ ನಾಯಿ!’ 2003ರ ಆ ಮೊಬೈಲ್ ಜಾಹೀರಾತಿನಲ್ಲಿ ಹುಡುಗ ಹೋದಲ್ಲೆಲ್ಲ ಪಗ್ ಹಿಂಬಾಲಿಸುತ್ತಿತ್ತು. ನಾನಾಗ ಚಿಕ್ಕವನು, ಅಂಥದ್ದೊಂದು ಬೇಕೆಂದು ಅತ್ತದ್ದು ನೆನಪಿದೆ. ಈಗ ಯೋಚಿಸಿದರೆ, ಅದರಲ್ಲಿ ಹಾಡಿತ್ತು, ನಾಯಿಯ ಉಸಿರಿನ ಸದ್ದಿರಲಿಲ್ಲ.

ಸದ್ದನ್ನು ನಾವು ಗೊರಕೆ ಅಂದುಕೊಂಡೆವು. “ನಿಮ್ಮಜ್ಜನಂಗ ಹೊಡಿತೈತಿ ನೋಡು” ಎಂದು ಅವ್ವ ನಗುವಳು. ನಾನು ವಿಡಿಯೊ ಮಾಡಿ ಗೆಳೆಯರಿಗೆ ಕಳಿಸಿದ್ದೂ ಉಂಟು. ಪಶುವೈದ್ಯರೊಬ್ಬರು ಗುಂಡನ ಬಾಯಿ ತೆರೆದು ತೋರಿಸಿದ ಮೇಲೆ ಆ ನಗು ನಿಂತಿತು. ತಳಿ ಬೆಳೆಸಿದವರು ಮೂತಿ ಗಿಡ್ಡ ಮಾಡಿದರು, ಒಳಗಿನ ಮಾಂಸ ಅದೇ ಅಳತೆಯಲ್ಲಿ ಗಿಡ್ಡವಾಗಲಿಲ್ಲ. ಮೆತ್ತನೆಯ ಅಂಗಳ ಉಸಿರಿನ ದಾರಿಗೆ ಜೋತುಬಿದ್ದಿದೆ. ಮೂಗಿನ ಹೊಳ್ಳೆಗಳು ಬರೀ ಸೀಳು. ನಾಯಿಗಳು ನಮ್ಮಂತೆ ಮೈಯೆಲ್ಲ ಬೆವರಿ ತಣ್ಣಗಾಗುವುದಿಲ್ಲ, ತೇಕಿ ತಣ್ಣಗಾಗುತ್ತವೆ. ತೇಕುವ ದಾರಿಯೇ ಇಕ್ಕಟ್ಟಾದರೆ ಏಪ್ರಿಲ್ ಬಿಸಿಲಿನಲ್ಲಿ ಏನು ಮಾಡಬೇಕು?

ಇಂಗ್ಲೆಂಡಿನ ಚಿತ್ರಕಾರ ವಿಲಿಯಂ ಹೋಗಾರ್ತ್ 1745ರ ತನ್ನ ಭಾವಚಿತ್ರದಲ್ಲಿ ಸಾಕಿದ ಪಗ್ಗನ್ನೂ ಬರೆದಿದ್ದಾನೆ. ಅದಕ್ಕೆ ಮೂತಿಯಿದೆ. ಆಮೇಲಿನ ತಲೆಮಾರುಗಳಲ್ಲಿ ಯಾರೋ ಚಪ್ಪಟೆ ಮುಖವನ್ನು ಆರಿಸುತ್ತ ಹೋದರು. ಆರಿಸುವುದೇ ತಪ್ಪೇ? ಬ್ಯಾಡಗಿ ಕಡ್ಡಿಕಾಯಿಯ ಸುಕ್ಕನ್ನೂ ನಾವೇ ಮೆಚ್ಚಿ, ಬೀಜ ಹಿಡಿದು ಉಳಿಸಿಕೊಂಡವರು. ಆದರೆ ಸುಕ್ಕಿಗಾಗಿ ಗಿಡ ಏದುಸಿರು ಬಿಡುವುದಿಲ್ಲ. ಗುಂಡನ ಹಣೆಯ ಸುಕ್ಕು, ಗುಂಡುಗಣ್ಣು, ಮಗುವಿನಂಥ ಮುಖ ಇವೇ ಅವನ ಮೇಲಿನ ನನ್ನ ಪ್ರೀತಿಗೆ ಕಾರಣ. ಅವನ ಸಂಕಟಕ್ಕೂ ಆ ಮುಖವೇ ಕಾರಣ.

ಕಳೆದ ತಿಂಗಳು ರಾಣೆಬೆನ್ನೂರಿನ ಪರಿಚಯದವರು ಫೋನ್ ಮಾಡಿದರು. ಅವರಲ್ಲಿ ಹೆಣ್ಣು ಪಗ್ ಇದೆ. ಗುಂಡನ ಜೊತೆ ಬಿಡೋಣ, ಒಂದು ಮರಿ ನಿಮಗೆ. ಅವ್ವ ಹಿಗ್ಗಿದಳು. ನಾನು ಬೇಡವೆಂದೆ. ನೆದರ್ಲೆಂಡ್ಸ್‌ನಲ್ಲಿ ತೀರ ಗಿಡ್ಡ ಮೂತಿಯ ನಾಯಿಗಳಿಂದ ಮರಿ ಮಾಡಿಸುವಂತಿಲ್ಲ, ಮೂತಿಗೂ ತಲೆಗೂ ಅಳತೆ ಗೊತ್ತುಮಾಡಿದ್ದಾರೆ ಎಂದೆಲ್ಲ ಹೇಳಿದೆ. ಅಕ್ಕಿ ಆರಿಸುತ್ತಿದ್ದ ಅವ್ವ ತಲೆಯೆತ್ತದೆ ಕೇಳಿದಳು: “ಇಂಥವು ಹುಟ್ಟಬಾರದು ಅಂದ್ರ, ನಮ್ಮ ಗುಂಡನೂ ಹುಟ್ಟಬಾರದಿತ್ತು ಅಂದಂಗ ಆತಲ್ಲ?”

ತತ್ತ್ವಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಈ ಪ್ರಶ್ನೆಯನ್ನು ಡೆರೆಕ್ ಪಾರ್ಫಿಟ್‌ನ 1984ರ ಪುಸ್ತಕದಲ್ಲಿ ಓದಿದ್ದೇನೆ. ಯಾವ ಆಯ್ಕೆಯಿಂದ ಒಬ್ಬನಿಗೆ ಕಷ್ಟ ಬಂತೋ, ಅದೇ ಆಯ್ಕೆ ಇಲ್ಲದಿದ್ದರೆ ಅವನೇ ಇರುತ್ತಿರಲಿಲ್ಲ. ಹಾಗಿದ್ದರೆ ಅನ್ಯಾಯವಾದದ್ದು ಯಾರಿಗೆ? ಸೆಮಿನಾರಿನಲ್ಲಿ ಇದರ ಮೇಲೆ ನಲವತ್ತು ನಿಮಿಷ ಮಾತಾಡಿದ್ದೆ. ಅವ್ವನ ಮುಂದೆ ಎರಡು ವಾಕ್ಯ ಹೊರಟವು. ಗುಂಡ ಇದ್ದಾನೆ, ಅವನಿಗೆ ನಾವು ಬಾಕಿ ಇದ್ದೇವೆ. ಹುಟ್ಟದ ಮರಿಗೆ ಹುಟ್ಟಿಸುವ ಬಾಕಿ ನಮಗಿಲ್ಲ. ಆ ಹೊತ್ತಿಗೆ ಗುಂಡ ನನ್ನ ಪಾದದ ಮೇಲೆ ಗದ್ದವಿಟ್ಟು ಮಲಗಿದ್ದ. ವಾದ ಸರಿಯಿದ್ದರೂ ಅವನ ಮುಖ ನೋಡಲಾಗಲಿಲ್ಲ.

ರಾಣೆಬೆನ್ನೂರಿಗೆ ಇಲ್ಲವೆಂದು ತಿಳಿಸಿದೆ. ಅವರೇನೂ ಬೇಜಾರಾಗಲಿಲ್ಲ. “ಇರಲಿ ಬಿಡ್ರಿ, ಹಾವೇರ್ಯಾಗ ಇನ್ನೊಂದು ಗಂಡು ಐತಿ” ಅಂದರು.

ಗುಂಡ ನನ್ನ ಹಾಸಿಗೆಯ ಪಕ್ಕದಲ್ಲೇ ಮಲಗುತ್ತಾನೆ. ಮೊದಲು ಅವನ ಗೊರಕೆಯಿಂದ ಎಚ್ಚರವಾಗುತ್ತಿತ್ತು. ಈಗ ಅದು ನಿಂತರೆ ಎಚ್ಚರವಾಗುತ್ತದೆ. ಕತ್ತಲಲ್ಲೇ ಕೈ ಚಾಚಿ ಅವನ ಪಕ್ಕೆ ಮುಟ್ಟಿ ನೋಡುತ್ತೇನೆ.