ಮೌನ ಸಮ್ಮತಿಯೇ?

ಷೇರು ವ್ಯವಹಾರದ ತಕರಾರುಗಳಲ್ಲಿ ವಕೀಲಿ ಮಾಡುತ್ತಲೇ ನನ್ನ ತಲೆ ನರೆಯಿತು. ಈ ಕೆಲಸಕ್ಕೆ ಕೋರ್ಟಿನ ಗತ್ತು ಬೇಕಿಲ್ಲ. ಬೆಂಗಳೂರಿನ ಒಂದು ಸಾಧಾರಣ ಕೋಣೆ. ಮೇಜಿನ ಆಚೆ ಆರ್ಬಿಟ್ರೇಟರು, ಈಚೆ ಹಣ ಕಳೆದುಕೊಂಡವರು ಮತ್ತು ಬ್ರೋಕರು. ನಾನು ಹೆಚ್ಚಾಗಿ ಬ್ರೋಕರ ಪಕ್ಕದಲ್ಲಿ ಕೂತವನು.

2012ರಲ್ಲಿ ನಿವೃತ್ತ ಮೇಷ್ಟರೊಬ್ಬರ ಪ್ರಕರಣ ಬಂತು. ತಾವು ಹೇಳದಿದ್ದರೂ ತಮ್ಮ ಖಾತೆಯಲ್ಲಿ ದಿನವೂ ಷೇರು ಕೊಂಡು ಮಾರಿ, ಭವಿಷ್ಯನಿಧಿಯ ದುಡ್ಡನ್ನೆಲ್ಲ ಕರಗಿಸಿದರೆಂದು ಅವರ ದೂರು. ಗ್ರಾಹಕನಿಗೆ ಲಾಭವಾಗಲಿ ನಷ್ಟವಾಗಲಿ, ಪ್ರತಿ ವ್ಯವಹಾರಕ್ಕೂ ಬ್ರೋಕರಿಗೆ ದಲಾಲಿ ಸಿಗುತ್ತದೆ. ನನ್ನ ವಾದ ಸರಳ: ಪ್ರತಿ ವ್ಯವಹಾರದ ಕಾಂಟ್ರ್ಯಾಕ್ಟ್ ನೋಟ್ ಮನೆಗೆ ಹೋಗಿದೆ, ತಿಂಗಳುಗಟ್ಟಲೆ ಆಕ್ಷೇಪಣೆ ಬಂದಿಲ್ಲ; ಮೌನಂ ಸಮ್ಮತಿ ಲಕ್ಷಣಂ.

ಮೇಷ್ಟರು ಹೇಳಿದರು: "ಕಾಗದ ಬಂದದ್ದು ನಿಜ ಸ್ವಾಮಿ. ಓದಿದೆ, ಅರ್ಥವಾಗಲಿಲ್ಲ. ಅರ್ಥವಾಗದ್ದಕ್ಕೆ ಏನೆಂದು ಆಕ್ಷೇಪಣೆ ಬರೆಯಲಿ?"

ಕೇಸು ನಾನೇ ಗೆದ್ದೆ. ಮೊದಲ ಕೆಲವು ತಿಂಗಳು ಲಾಭ ಬಂದಾಗಲೂ ಅವರು ಸುಮ್ಮನಿದ್ದರಲ್ಲ, ಲಾಭವೇ ಮುಂದುವರಿದಿದ್ದರೆ ದೂರು ಕೊಡುತ್ತಿದ್ದರೇ ಎಂದು ಸಮಾಧಾನ ಮಾಡಿಕೊಂಡೆ. ಆ ಪ್ರಶ್ನೆ ಸುಳ್ಳಲ್ಲ. ಆದರೆ ಆಸೆ ಬೇರೆ, ಅಪ್ಪಣೆ ಬೇರೆ. ಇಬ್ಬರು ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದಾಗ ಮಾತ್ರ ಸಮ್ಮತಿ ಎಂದು 1872ರ ಕರಾರು ಕಾಯಿದೆಯೇ ಹೇಳುತ್ತದೆ. ಮೇಷ್ಟರಿಗೆ ಅರ್ಥವೇ ಆಗಿರಲಿಲ್ಲ.

ನಮ್ಮ ಕಡೆ ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗಿ ತಲೆತಗ್ಗಿಸಿ ಕೂತರೆ ಹಿರಿಯರು ಇದೇ ಮಾತು ಹೇಳಿ ತಾಂಬೂಲ ಬದಲಾಯಿಸಿಬಿಡುತ್ತಿದ್ದರು. ಅವಳ ಮನಸ್ಸಿನಲ್ಲಿ ಏನಿತ್ತೋ ಯಾರು ಬಲ್ಲರು? ಸುಮ್ಮನಿದ್ದವರ ಮೌನಕ್ಕೆ ಅರ್ಥ ಹೇಳುವವರು, ಆ ಅರ್ಥದಿಂದ ತಮಗೆ ಅನುಕೂಲವಿರುವವರೇ.

2018ರಲ್ಲಿ ಸೆಬಿ ಈ ನಿಯಮವನ್ನು ಬಿಗಿಗೊಳಿಸಿತು. ವ್ಯವಹಾರಕ್ಕೆ ಮುನ್ನ ಗ್ರಾಹಕನ ಆದೇಶಕ್ಕೆ ಬರಹವೋ, ದೂರವಾಣಿಯ ಧ್ವನಿಮುದ್ರಣವೋ, ಇ-ಮೇಲೋ, ಏನಾದರೂ ಪುರಾವೆ ಬ್ರೋಕರ ಬಳಿ ಇರಬೇಕು. ತಕರಾರು ಬಂದರೆ ಅದನ್ನು ಹಾಜರುಪಡಿಸುವ ಹೊಣೆಯೂ ಅವನದೇ. ಅಂದರೆ, ಸುಮ್ಮನಿದ್ದದ್ದೇಕೆ ಎಂದು ಗ್ರಾಹಕನನ್ನು ಕೇಳುವ ಮೊದಲು, ಅವನು ಹೇಳಿದ್ದೇನು ಎಂದು ಬ್ರೋಕರನ್ನು ಕೇಳಬೇಕಾಯಿತು.

ಅಂದಿನ ಕಾನೂನಿನಂತೆ ನಾನು ವಾದಿಸಿದ್ದರಲ್ಲಿ ತಪ್ಪಿಲ್ಲ ಎಂದು ಗೆಳೆಯರು ಹೇಳುತ್ತಾರೆ. ಇರಬಹುದು. ತೀರ್ಪಿನ ದಿನ ಮೇಷ್ಟರು ನನಗೂ ಕೈಮುಗಿದು, ಏನೂ ಮಾತಾಡದೆ ಹೊರಟುಹೋದರು. ಆ ಮೌನವನ್ನು ಮಾತ್ರ ಸಮ್ಮತಿಯೆಂದು ತಿಳಿಯಲು ನನಗೆ ಇವತ್ತಿಗೂ ಆಗಿಲ್ಲ.