ನಿಯಮಪಾಲಕನ ಕಾಯಕ

ಕಾಯಕ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವ ಚಿತ್ರಗಳು ಕೆಲವೇ. ನೇಗಿಲು ಹಿಡಿದ ಒಕ್ಕಲಿಗ, ಮಗ್ಗದ ಮುಂದೆ ಕುಳಿತ ನೇಕಾರ, ದೋಣಿ ನಡೆಸುವ ಅಂಬಿಗ, ಬಟ್ಟೆ ಶುಭ್ರಗೊಳಿಸುವ ಮಡಿವಾಳ. ಇವರೆಲ್ಲರೂ ಏನನ್ನಾದರೂ ಬೆಳೆಯುವವರು, ಮಾಡುವವರು, ಇಲ್ಲವೆ ಶುದ್ಧಿಗೊಳಿಸುವವರು. ಆದರೆ ಇತರರ ಕೆಲಸವನ್ನು ತಡೆದು ನಿಲ್ಲಿಸುವುದೇ ಯಾರ ಉದ್ಯೋಗವೋ ಅಂಥವನ ದುಡಿಮೆಯನ್ನೂ ಕಾಯಕವೆಂದು ಕರೆಯಬಹುದೇ? ವಾಚಕ ಮಹಾಶಯರೇ, ಈ ಪ್ರಶ್ನೆಯನ್ನು ನಿಮ್ಮ ಮುಂದಿಟ್ಟು, ನಿಮ್ಮೊಡನೆ ಕೂಡಿಯೇ ಅದನ್ನು ವಿಚಾರ ಮಾಡಬೇಕೆಂಬುದು ಈ ಲೇಖನದ ಉದ್ದೇಶ.

ನಾನು ಹೇಳುತ್ತಿರುವುದು ನಗರಸಭೆ, ಪುರಸಭೆ, ಮಹಾನಗರ ಪಾಲಿಕೆಗಳಲ್ಲಿ ಕಟ್ಟಡಗಳ ನಿಯಮಪಾಲನೆಯನ್ನು ನೋಡಿಕೊಳ್ಳುವ ನೌಕರನ ವಿಷಯ. ಮಂಜೂರಾದ ನಕ್ಷೆಯಂತೆ ಮನೆ ಕಟ್ಟುತ್ತಿದ್ದಾರೆಯೇ, ಸುತ್ತ ಬಿಡಬೇಕಾದ ತೆರಪು ಬಿಟ್ಟಿದ್ದಾರೆಯೇ, ಪಾದಚಾರಿ ಮಾರ್ಗವನ್ನು ಆಕ್ರಮಿಸಿದ್ದಾರೆಯೇ, ಚರಂಡಿಯ ಮೇಲೆ ಗೋಡೆ ಎಬ್ಬಿಸಿದ್ದಾರೆಯೇ ಎಂದು ನೋಡಿ, ತಪ್ಪಿದ್ದರೆ ನೋಟೀಸು ಕೊಡುವುದು ಅವನ ಕರ್ತವ್ಯ. ಅವನು ಬೀದಿಯಲ್ಲಿ ಬರುತ್ತಿದ್ದರೆ ಜನರು ಮುಖ ತಿರುಗಿಸುತ್ತಾರೆ. ನಮಸ್ಕರಿಸುವವರ ನಮಸ್ಕಾರದಲ್ಲಿಯೂ ಭಯವೋ ಕಾರ್ಯಸಾಧನೆಯೋ ಇರುತ್ತದೆ. ಅವನು ಪ್ರಾಮಾಣಿಕನಾದರೆ ಕಟುಕನೆಂದು ಕರೆಸಿಕೊಳ್ಳುತ್ತಾನೆ. ಸಡಿಲನಾದರೆ ಲಂಚಗುಳಿಯೆಂದು ಕರೆಸಿಕೊಳ್ಳುತ್ತಾನೆ.

ಅಧಿಕಾರದ ಉದ್ಯೋಗಗಳು ಶರಣರ ದೃಷ್ಟಿಗೆ ಹೊರತಾಗಿರಲಿಲ್ಲ ಎಂಬುದನ್ನು ಮೊದಲು ನೆನೆಯಬೇಕು. ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆ ಹೊತ್ತವರು. ಸುಂಕದ ಬಂಕಣ್ಣನವರ ಕಾಯಕ ಹೆಸರೇ ಹೇಳುವಂತೆ ಸುಂಕ ವಸೂಲಿ. ಆ ಉದ್ಯೋಗದ ಮಾತುಗಳಲ್ಲಿಯೇ ಅವರು ಅನುಭಾವವನ್ನು ನುಡಿದರು. ತಳವಾರ ಕಾಮಿದೇವಯ್ಯನವರೂ ವಚನಕಾರರ ಸಾಲಿನಲ್ಲಿದ್ದಾರೆ. ದಾರಿಗನನ್ನು ನಿಲ್ಲಿಸಿ ಸುಂಕ ಕೇಳುವವನನ್ನು ಯಾವ ಕಾಲದಲ್ಲಿಯೂ ಜನರು ಪ್ರೀತಿಯಿಂದ ಕಂಡಿರಲಾರರು. ಆದರೂ ಆ ದುಡಿಮೆಗೆ ಶರಣರ ಸಮೂಹದಲ್ಲಿ ಎಡೆ ದೊರೆಯಿತು. ಆದುದರಿಂದ ನಿಯಮ ಪಾಲಿಸುವವನ ಕೆಲಸ ಕಾಯಕವಾಗಬಲ್ಲದೇ ಎಂಬ ಪ್ರಶ್ನೆಗೆ ಆಗಬಲ್ಲದು ಎಂಬ ಉತ್ತರ ಪರಂಪರೆಯಿಂದಲೇ ದೊರೆಯುತ್ತದೆ. ಉಳಿಯುವ ಪ್ರಶ್ನೆ, ಅದು ಯಾವಾಗ ಕಾಯಕವಾಗುತ್ತದೆ ಎಂಬುದು.

ಇಲ್ಲಿ ಲಂಚದ ಮಾತನ್ನು ಬೇಗ ಮುಗಿಸಿಬಿಡೋಣ. ಆಯ್ದಕ್ಕಿ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದ ಕಥೆಯನ್ನು ಬಲ್ಲವರಿಗೆ ಹೆಚ್ಚು ವಿವರಣೆ ಬೇಡ. ನೌಕರನಿಗೆ ಸಂಬಳವೇ ಅವನ ದಿನದ ಅಕ್ಕಿ. ಅದರ ಮೇಲೆ ಬಂದುದೆಲ್ಲವೂ ಹಿಂದಿರುಗಿಸತಕ್ಕದ್ದು. ಪಾಲಿಸಲು ಕಷ್ಟವಿರಬಹುದು, ತಿಳಿಯಲು ಕಷ್ಟವಿಲ್ಲ. ನಿಜವಾದ ತೊಡಕು ಒಂದು ಕಾಸನ್ನೂ ಮುಟ್ಟದ ಪ್ರಾಮಾಣಿಕನಿಗೆ ಎದುರಾಗುತ್ತದೆ. ಅವನ ತೊಡಕು ದಯೆಯದು.

ನಿವೃತ್ತ ಶಿಕ್ಷಕರೊಬ್ಬರಿದ್ದಾರೆ ಎಂದು ಭಾವಿಸೋಣ. ಭವಿಷ್ಯ ನಿಧಿಯ ಹಣವನ್ನೆಲ್ಲ ಸುರಿದು, ಮಗನ ಸಂಸಾರಕ್ಕೆಂದು ಮನೆಯ ಪಕ್ಕದಲ್ಲಿ ಒಂದು ಕೋಣೆಯನ್ನೂ ಅದರ ಮೇಲೆ ಇನ್ನೊಂದನ್ನೂ ಕಟ್ಟಿಸಿದ್ದಾರೆ. ಬಿಡಬೇಕಾಗಿದ್ದ ತೆರಪು ಉಳಿದಿಲ್ಲ. ಗಾರೆಯ ಕೆಲಸ ಮುಗಿದು ಗೃಹಪ್ರವೇಶದ ದಿನವೂ ಗೊತ್ತಾಗಿದೆ. ಆಗ ನಗರಸಭೆಯ ನೌಕರ ಬಾಗಿಲಿಗೆ ಬರುತ್ತಾನೆ. ವೃದ್ಧರ ಕಣ್ಣಲ್ಲಿ ನೀರು. ದಯೆಗೆ ನಮ್ಮ ಧರ್ಮದಲ್ಲಿರುವ ಸ್ಥಾನವನ್ನು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಹಾಗಾದರೆ ಅವನು ಕಣ್ಣು ಮುಚ್ಚಿಕೊಂಡು ಹೊರಟುಹೋಗುವುದೇ ಧರ್ಮವಲ್ಲವೇ?

ಇದಕ್ಕೆ ಉತ್ತರ ಹೇಳುವ ಮುನ್ನ ಇನ್ನೊಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಹಾಗೆ ಕಣ್ಣು ಮುಚ್ಚುವವನು ಕೊಡುತ್ತಿರುವುದು ಯಾರ ಸೊತ್ತು? ಎರಡು ಗೋಡೆಗಳ ನಡುವಿನ ತೆರಪು ಅವನದಲ್ಲ. ಅದು ಪಕ್ಕದ ಮನೆಯ ಗಾಳಿ ಬೆಳಕು. ಬೆಂಕಿ ಬಿದ್ದಾಗ ಅದು ಹರಡದಂತೆ ಇರುವ ಅಂತರ. ಹೊರಗೋಡಿ ಬರುವವನ ದಾರಿ. ಅದೇ ರೀತಿ ಅಸ್ತಿಭಾರದ ಬಲಕ್ಕೆ ಮೀರಿ ಎದ್ದ ಅಂತಸ್ತನ್ನು ಸಹಿಸಿಕೊಂಡರೆ, ಮುಂದೆ ಅದರಲ್ಲಿ ಬಾಡಿಗೆಗೆ ಬರುವ ಅಪರಿಚಿತರ ಪ್ರಾಣವನ್ನು ಒತ್ತೆ ಇಟ್ಟಂತೆ. ತನ್ನ ಊಟವನ್ನು ಹಂಚಿಕೊಂಡವನು ದಾಸೋಹಿ. ಪರರ ಕಣಜದಿಂದ ತೆಗೆದು ಕೊಟ್ಟವನನ್ನು ದಾಸೋಹಿಯೆಂದು ನಮ್ಮಲ್ಲಿ ಯಾರೂ ಕರೆಯುವುದಿಲ್ಲ.

ಇದು ಬರಿಯ ತರ್ಕವಲ್ಲ. 1983ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗಂಗಾರಾಮ್ ಕಟ್ಟಡ ನಿರ್ಮಾಣ ಹಂತದಲ್ಲಿಯೇ ಕುಸಿದಾಗ 100ಕ್ಕೂ ಹೆಚ್ಚು ಜನರು ಪ್ರಾಣ ತೆತ್ತರು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಬಹುಅಂತಸ್ತಿನ ಕಟ್ಟಡವೊಂದು ನೆಲಕ್ಕೆ ಬಿತ್ತು. ಮೇಲೆ ಕೆಲಸ ಇನ್ನೂ ನಡೆದಿತ್ತು. ಕೆಳಗೆ ಅಂಗಡಿಗಳು ಆಗಲೇ ತೆರೆದಿದ್ದವು. ಅವಶೇಷಗಳನ್ನು ಸರಿಸುವ ಕೆಲಸ ದಿನಗಟ್ಟಲೆ ನಡೆಯಿತು; 19 ಜನರು ತೀರಿಕೊಂಡರು. ಗಾರೆ ಹೊರುತ್ತಿದ್ದ ಕೂಲಿಯಾಳಿಗಾಗಲಿ, ಸಾಮಾನು ಕೊಳ್ಳಲು ಬರುವ ಗಿರಾಕಿಗಾಗಲಿ ಕಂಬದ ಬಲವನ್ನು ಪರೀಕ್ಷಿಸುವ ಸಾಮರ್ಥ್ಯವಿರುವುದಿಲ್ಲ. ಯಾರೋ ತಮ್ಮ ಪರವಾಗಿ ನೋಡಿದ್ದಾರೆ ಎಂಬ ನಂಬಿಕೆಯಿಂದಲೇ ಅವರು ಹೊಸ್ತಿಲು ದಾಟುತ್ತಾರೆ. ಆ ‘ಯಾರೋ’ ಎಂಬವನೇ ನಮ್ಮ ನಿಯಮಪಾಲಕ. ಕಾಣದ ಜನರ ಕಣ್ಣಾಗಿರುವುದು ಅವನ ಕಾಯಕ. ಎದುರಿಗೆ ನಿಂತು ಅಳುವವನ ದುಃಖ ಅವನಿಗೆ ಕಾಣುತ್ತದೆ. ಮುಂದೊಂದು ದಿನ ಆ ಸೂರಿನಡಿ ಮಲಗುವವರ ಮುಖ ಕಾಣುವುದಿಲ್ಲ. ಕಂಡವರಿಗಷ್ಟೇ ಸಲ್ಲುವ ದಯೆಯನ್ನು ಪೂರ್ಣ ದಯೆ ಎನ್ನಲಾಗದು.

ಹಾಗೆಂದು ನಿಯಮದ ಪುಸ್ತಕ ಹಿಡಿದು ಕೆಡವುತ್ತ ಹೋಗುವವನೇ ಧರ್ಮಾತ್ಮನೆಂದು ತೀರ್ಮಾನಿಸಿದರೆ ಅದೂ ತಪ್ಪೇ. ಒಂದು ಸೂರು ಉರುಳುವುದೆಂದರೆ ಒಂದು ಕುಟುಂಬದ ದಶಕಗಳ ದುಡಿಮೆ ಉರುಳುವುದು. 1985ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮುಂಬಯಿಯ ಪಾದಚಾರಿ ಮಾರ್ಗವಾಸಿಗಳ ಮೊಕದ್ದಮೆಯಲ್ಲಿ, ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಗಿದೆಯೆಂದು ಸಾರಿತು. 2024ರ ನವೆಂಬರ್ 13ರಂದು ಅದೇ ನ್ಯಾಯಾಲಯವು, ಕಟ್ಟಡ ಕೆಡವುವ ಮುನ್ನ ಕನಿಷ್ಠ 15 ದಿನಗಳ ನೋಟೀಸು ಕೊಡಬೇಕು, ಮಾಲೀಕನ ಮಾತನ್ನು ಕೇಳಬೇಕು, ಈ ಕ್ರಮ ಮೀರಿದ ಅಧಿಕಾರಿ ಸ್ವತಃ ಹೊಣೆಗಾರನಾಗುತ್ತಾನೆ ಎಂದು ಆದೇಶಿಸಿತು. ರಸ್ತೆ, ಪಾದಚಾರಿ ಮಾರ್ಗ, ಜಲಮೂಲಗಳಂಥ ಸಾರ್ವಜನಿಕ ಸ್ಥಳಗಳ ಆಕ್ರಮಣಕ್ಕೆ ಆ ಆದೇಶ ಅನ್ವಯಿಸದು ಎಂಬುದೂ ಅದರಲ್ಲಿದೆ. ನಮ್ಮ ರಾಜ್ಯದ 1976ರ ಮಹಾನಗರ ಪಾಲಿಕೆಗಳ ಅಧಿನಿಯಮವೂ ಇದೇ ಜಾಡಿನಲ್ಲಿದೆ. ಮೊದಲು ತಾತ್ಕಾಲಿಕ ಆದೇಶ. ಅದರೊಡನೆ ಕಾರಣ ಕೇಳುವ ನೋಟೀಸು. ಉತ್ತರವನ್ನು ಪರಿಶೀಲಿಸಿದ ಮೇಲೆಯೇ ಆದೇಶದ ಸ್ಥಿರೀಕರಣ. ಅದರ ಮೇಲೂ ಮೇಲ್ಮನವಿ. ಈ ಮೆಟ್ಟಿಲುಗಳನ್ನು ಕಾಗದದ ಗೋಜೆಂದು ಹಳಿಯುವುದು ಸುಲಭ. ವಾಸ್ತವವಾಗಿ ಕಾನೂನು ದಯೆಯನ್ನು ಇರಿಸಿರುವ ಪಾತ್ರೆಗಳು ಇವೇ.

ಈ ಎರಡು ತುದಿಗಳ ನಡುವೆ ನೌಕರನ ದಯೆಗೆ ಎಡೆಯೆಲ್ಲಿ? ಸಮಯದಲ್ಲಿ ಎಂದು ನನ್ನ ಉತ್ತರ. ಆ ಶಿಕ್ಷಕರ ಮನೆಗೆ ಅವನು ಗೃಹಪ್ರವೇಶದ ಮುನ್ನಾದಿನ ಬಂದುದೇ ಅನ್ಯಾಯದ ಮೂಲ. ಅಸ್ತಿಭಾರಕ್ಕೆ ದಾರ ಎಳೆದ ದಿನವೇ ಬಂದಿದ್ದರೆ, ‘ಗುರುಗಳೇ, ಇಲ್ಲಿಂದ ಇಷ್ಟು ಒಳಕ್ಕೆ ಸರಿಯಬೇಕು’ ಎಂಬ ಒಂದು ಮಾತು ಸಾಕಾಗುತ್ತಿತ್ತು. ನಷ್ಟ ಒಂದು ದಿನದ ಕೂಲಿಯಷ್ಟು. ತಡವಾದಂತೆ ಎರಡೇ ದಾರಿಗಳು ಉಳಿಯುತ್ತವೆ: ಕೆಡವುವುದು ಅಥವಾ ಸುಮ್ಮನಿರುವುದು. ಎರಡೂ ಹಿಂಸೆಯೇ, ಒಂದು ಇವರಿಗೆ, ಮತ್ತೊಂದು ಕಾಣದವರಿಗೆ. ಬಿಸಿಲಿನಲ್ಲಿ ಬೀದಿ ಬೀದಿ ತಿರುಗಿ ಬೇಗ ಹೋಗುವುದು, ಇಂಗ್ಲಿಷಿನ ಕ್ಲಿಷ್ಟ ನೋಟೀಸನ್ನು ತಿಳಿಯುವ ಕನ್ನಡದಲ್ಲಿ ಬಿಡಿಸಿ ಹೇಳುವುದು, ಸಕ್ರಮವಾದ ದಾರಿಯಿದ್ದರೆ ಅದನ್ನು ತೋರಿಸುವುದು, ಒಮ್ಮೆ ಹೇಳಿದ್ದನ್ನು ಮತ್ತೊಮ್ಮೆ ಹೋಗಿ ನೋಡುವುದು ಇವೆಲ್ಲ ನೌಕರನು ತನ್ನ ಸ್ವಂತ ಬೆವರಿನಿಂದ ಕೊಡಬಹುದಾದ ದಯೆ. ಇದಕ್ಕೆ ಯಾರ ಸೊತ್ತನ್ನೂ ಕದಿಯಬೇಕಾಗಿಲ್ಲ. ಕಾಯಕವು ದಾಸೋಹವಾಗುವುದು ಇಲ್ಲಿಯೇ.

ಎರಡನೆಯ ಒರೆಗಲ್ಲು ಸಮಭಾವ. ಬೀದಿ ಬದಿಯ ತಳ್ಳುಗಾಡಿಯನ್ನು ಎತ್ತಿಸಲು ಅರ್ಧ ಗಂಟೆ ಸಾಕು. ಪ್ರಭಾವಿಯೊಬ್ಬನ ಮಳಿಗೆಯ ಅನಧಿಕೃತ ಅಂತಸ್ತಿನ ಕಡತ ವರ್ಷಗಟ್ಟಲೆ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ತಳ್ಳುಗಾಡಿಯವನಿಗೂ ಈಗ ಕಾನೂನಿನ ಆಸರೆಯಿದೆ. 2014ರ ಬೀದಿ ವ್ಯಾಪಾರಿಗಳ ಅಧಿನಿಯಮದಂತೆ ವ್ಯಾಪಾರಿಗಳ ಸಮೀಕ್ಷೆ ಆಗದೆ ಅವರನ್ನು ಎಬ್ಬಿಸುವಂತಿಲ್ಲ. ಸ್ಥಳ ಬದಲಿಸಲು 30 ದಿನಗಳ ನೋಟೀಸು ಬೇಕು. ಕಾನೂನು ಹೀಗಿದ್ದರೂ ಬಡವನ ಮೇಲೆ ನಿಯಮವು ಓಡುತ್ತದೆ, ಬಲ್ಲಿದನ ಕಡೆಗೆ ತೆವಳುತ್ತದೆ. ತನ್ನ ದಿನಚರಿಯಲ್ಲಿ ಮೊದಲು ಯಾರ ಬಾಗಿಲಿಗೆ ಹೋಗುತ್ತೇನೆ ಎಂಬುದನ್ನು ನೌಕರನು ತನ್ನನ್ನೇ ಕೇಳಿಕೊಂಡರೆ ಅವನ ಕಾಯಕದ ಶುದ್ಧಿ ಅವನಿಗೇ ತಿಳಿಯುತ್ತದೆ.

ನಿಯಮವೇ ಅನ್ಯಾಯವಾಗಿದ್ದರೆ ಏನು ಮಾಡಬೇಕೆಂದು ನೀವು ಕೇಳಬಹುದು. ಕೇಳತಕ್ಕದ್ದೇ. ಅಂಗೈಯಗಲದ ನಿವೇಶನದಲ್ಲಿ ನಾಲ್ಕೂ ಕಡೆ ತೆರಪು ಬಿಟ್ಟರೆ ಉಳಿಯುವುದೇನು ಎಂಬ ಬಡವನ ಗೋಳು ಸುಳ್ಳಲ್ಲ. ಆದರೆ ಅಂಥ ನಿಯಮವನ್ನು ಒಬ್ಬೊಬ್ಬರಿಗಾಗಿ ಗುಟ್ಟಿನಲ್ಲಿ ಸಡಿಲಿಸುವುದು ಪರಿಹಾರವಾಗದು. ಗುಟ್ಟಿನ ಕರುಣೆ ಕೊನೆಗೆ ಪರಿಚಯವಿದ್ದವರಿಗೆ, ಕೊಡಬಲ್ಲವರಿಗೆ ಮಾತ್ರ ಸಿಗುತ್ತದೆ. ನಿಯಮ ಎಲ್ಲಿ ಜನರನ್ನು ಹಿಸುಕುತ್ತಿದೆ ಎಂಬುದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಆ ನೌಕರನೇ. ಅದನ್ನು ಬರೆದು ಮೇಲಿನವರಿಗೆ ತಿಳಿಸುವುದು, ತಿದ್ದುಪಡಿಗೆ ಬಹಿರಂಗವಾಗಿ ಕಾರಣನಾಗುವುದು ಅವನ ಕರ್ತವ್ಯದ ಒಂದು ಭಾಗ. ಇನ್ನು ತಪ್ಪನ್ನೆಲ್ಲ ಒಟ್ಟಿಗೆ ಕ್ಷಮಿಸುವ ಯೋಜನೆಗಳು ಬಂದರೆ ಅವು ನಿಯಮ ಪಾಲಿಸಿದವನನ್ನು ಮೂರ್ಖನನ್ನಾಗಿಸುತ್ತವೆ. ನಮ್ಮ ರಾಜ್ಯದ ಅಕ್ರಮ ಸಕ್ರಮ ಯೋಜನೆಗೆ 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆಯಾಜ್ಞೆ ನೀಡಿದುದು ನಿಮಗೆ ನೆನಪಿರಬಹುದು. ನಾಳೆ ಕ್ಷಮೆ ಸಿಕ್ಕೀತೆಂಬ ಆಸೆಯೇ ಇಂದು ಗೋಡೆಯನ್ನು ಅರ್ಧ ಅಡಿ ಹೊರಕ್ಕೆ ತಳ್ಳುತ್ತದೆ.

ಇಷ್ಟು ಹೊತ್ತು ನೌಕರನ ಧರ್ಮವನ್ನು ಹೇಳಿದೆವು. ಈಗ ನಮ್ಮ ಕಡೆಗೆ ತಿರುಗೋಣ. ನೋಟೀಸು ಕೈಗೆ ಬಂದೊಡನೆ ನಾವು ಮಾಡುವ ಮೊದಲ ಕೆಲಸ ಯಾವುದು? ನಕ್ಷೆಯನ್ನು ತೆರೆದು ನೋಡುವುದಲ್ಲ. ಯಾರ ಪ್ರಭಾವ ನಡೆದೀತೆಂದು ಹುಡುಕುವುದು. ಸದಸ್ಯರ ಮನೆ, ಶಾಸಕರ ಮನೆ, ಅಲ್ಲಿಯೂ ಆಗದಿದ್ದರೆ ಮಠ. ಪೂಜ್ಯರಿಂದ ಒಂದು ಮಾತು ಹೇಳಿಸಿದರೆ ಆದೀತು ಎಂದು ಬರುವ ಭಕ್ತರು ಇಲ್ಲದ ಊರಿಲ್ಲ. ಬಂಧುಗಳೇ, ಯೋಚಿಸಿ ನೋಡಿ. ಪ್ರಾಮಾಣಿಕ ನೌಕರನೊಬ್ಬನ ಎದುರಿಗೆ ಗುರುವಿನ ಹೆಸರನ್ನು ತಂದು ನಿಲ್ಲಿಸುವುದೆಂದರೆ, ಅವನು ತನ್ನ ಕಾಯಕವನ್ನು ಬಿಡಬೇಕು ಇಲ್ಲವೆ ಗುರುವಿನ ಮಾತನ್ನು ಮೀರಬೇಕು ಎಂಬ ಇಕ್ಕಟ್ಟಿಗೆ ನೂಕಿದಂತೆ. ಕಾಯಕವನ್ನು ಕಲಿಸಿದ ಪರಂಪರೆಯನ್ನೇ ಕಾಯಕ ಮುರಿಯಲು ಬಳಸಿದಂತಾಗುತ್ತದೆ. ಬಗ್ಗದ ನೌಕರನಿಗೆ ವರ್ಗಾವಣೆಯಾದಾಗ ಅದರಲ್ಲಿ ನಮ್ಮ ಪಾಲೆಷ್ಟು ಎಂಬುದನ್ನೂ ಲೆಕ್ಕ ಹಾಕಬೇಕು.

ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು ಓದಿದವರು ಈ ಪತ್ರಿಕೆಯ ವಾಚಕರಲ್ಲಿ ಅನೇಕರಿದ್ದೀರಿ. ನೂರಾರು ಮಕ್ಕಳು ಒಂದೇ ಸೂರಿನಡಿ ಮಲಗುವ ಮನೆಗಳವು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆಯ ಬೆಂಕಿ ಸೂರಿನ ಗರಿಗೆ ತಗಲಿ 94 ಮಕ್ಕಳು ಮಡಿದರು. ಮಕ್ಕಳಿಗೆ ಅನ್ನ ಹಾಕುವ ಪುಣ್ಯಕಾರ್ಯದ ಒಲೆಯೇ ಅದು. ಸದುದ್ದೇಶ ಬೆಂಕಿಯನ್ನು ತಡೆಯದು ಎಂಬುದಕ್ಕೆ ಇದಕ್ಕಿಂತ ಕಠೋರ ಸಾಕ್ಷಿ ಬೇಕಿಲ್ಲ. ಎರಡನೆಯ ಮೆಟ್ಟಿಲಸಾಲು ಇದೆಯೇ, ಕಿಟಕಿ ತೆರೆಯುತ್ತದೆಯೇ, ಅಡುಗೆಮನೆ ಮಲಗುವ ಕೋಣೆಗಳಿಂದ ದೂರವಿದೆಯೇ ಎಂದು ನೋಡಲು ನಿಯಮಪಾಲಕನು ಬಂದರೆ, ಪುಣ್ಯಸಂಸ್ಥೆಯೆಂಬ ಕಾರಣಕ್ಕೆ ಬಾಗಿಲಲ್ಲೇ ಕೈಮುಗಿದು ಕಳುಹಿಸದೆ ಒಳಕ್ಕೆ ಕರೆದೊಯ್ಯಬೇಕು. ಊರಿನಲ್ಲಿ ಅವನು ಮೊದಲು ಪರೀಕ್ಷಿಸುವ ಕಟ್ಟಡ ನಮ್ಮದಾಗಲಿ. ಹಳೆಯ ವಿದ್ಯಾರ್ಥಿಗಳಲ್ಲಿ ಎಂಜಿನಿಯರುಗಳಾದವರು ವರ್ಷಕ್ಕೊಮ್ಮೆ ಬಂದು ತಾವು ಮಲಗಿದ್ದ ಕೋಣೆಗಳನ್ನು ಪರಿಶೀಲಿಸಿ ಕೊಡುವುದಾದರೆ, ಅದು ಕಾಣಿಕೆಗಿಂತ ಹೆಚ್ಚಿನ ಸೇವೆ.

ಮುಂದೆ ನಿಮ್ಮ ಬೀದಿಗೆ ಆ ನೌಕರನು ಬಂದಾಗ ನಕ್ಷೆಯನ್ನು ಅವನ ಮುಂದೆ ಬಿಡಿಸಿರಿ. ಅವನ ಮಾತನ್ನು ಬರಹದಲ್ಲಿ ಕೇಳಿ ಪಡೆಯಿರಿ. ಅನ್ಯಾಯವೆನಿಸಿದರೆ ಮೇಲ್ಮನವಿ ಸಲ್ಲಿಸಿರಿ. ನ್ಯಾಯವೆನಿಸಿದರೆ ಗೋಡೆಯನ್ನು ಒಳಕ್ಕೆ ಸರಿಸಿರಿ. ಕುಡಿಯಲು ನೀರು ಕೊಡಿರಿ, ಅದಕ್ಕಿಂತ ಹೆಚ್ಚಿನದೇನನ್ನೂ ಕೊಡಬೇಡಿರಿ. ಈ ಪತ್ರಿಕೆಯನ್ನು ಓದುವವರಲ್ಲಿ ಆ ಉದ್ಯೋಗದಲ್ಲಿರುವವರು ಯಾರಾದರೂ ಇದ್ದರೆ ಅವರಿಗೂ ಒಂದು ಬಿನ್ನಹ: ಇಂದು ಅಸ್ತಿಭಾರ ತೋಡುತ್ತಿರುವ ಮನೆಗೆ ಇಂದೇ ಹೋಗಿರಿ. ನೀವು ಕಾಪಾಡಿದವರು ಯಾರೆಂದು ನಿಮಗೆ ಎಂದೂ ತಿಳಿಯುವುದಿಲ್ಲ, ಅವರಿಗೂ ತಿಳಿಯುವುದಿಲ್ಲ. ಫಲವನ್ನು ಬಯಸದೆ ಮಾಡಿದ ದುಡಿಮೆಗೆ ಇದಕ್ಕಿಂತ ಬೇರೆ ಲಕ್ಷಣ ಬೇಕೆ?