ದುಃಖದ ತೂಕವೂ ಕುಡಿತವೂ

ಮನುಷ್ಯನ ಸಂಕಟವನ್ನು ತೂಗಬಹುದೋ? ಅಮೇರಿಕ ದೇಶದ ಹೋಮ್ಸ್, ರಾಹೆ ಎಂಬ ವೈದ್ಯರಿಬ್ಬರು 1967ನೇ ಇಸವಿಯಲ್ಲಿ ಜೀವಿತದ 43 ಸಂಭವಗಳಿಗೆ ಅಂಕಗಳನ್ನಿಟ್ಟರು: ಗಂಡನ ಇಲ್ಲವೆ ಹೆಂಡತಿಯ ಮರಣಕ್ಕೆ 100, ಸೆರೆವಾಸಕ್ಕೆ 63, ವಿವಾಹಕ್ಕೆ 50, ಕ್ರಿಸ್‌ಮಸ್ ಹಬ್ಬಕ್ಕೂ 12. ರೋಗವನ್ನು ಕುರಿತು ಮಾಡಿದ ಇಂಥ ಅಳತೆಗಳಿಂದ ತರುವಾಯ ಪಂಡಿತರು ಕುಡಿತವನ್ನೂ ಶೋಧಿಸಿದರು.

ಹಾಗಾದರೆ ದುಃಖವು ಕುಡಿತಕ್ಕೆ ನೆವವಾದೀತೋ? ಆಗದು. ಯಾಕಂದರೆ ಸಮಾನ ಭಾರವುಳ್ಳ ಇಬ್ಬರಲ್ಲಿ ಒಬ್ಬನು ಹೆಂಡದಂಗಡಿಗೆ ಹೋಗುವನು, ಮತ್ತೊಬ್ಬನು ಹೋಗನು. ಅದಲ್ಲದೆ ಸೆರೆವಾಸ, ಕೆಲಸದ ನಷ್ಟ ಮುಂತಾದವುಗಳನ್ನು ಅನೇಕವೇಳೆ ಕುಡಿತವೇ ತರುವದು. ದುಃಖವನ್ನು ಮರೆಯಲು ಕುಡಿದವನು ಪಟ್ಟಿಗೆ ಹೊಸ ದುಃಖವನ್ನು ಕೂಡಿಸುವನು.

ಆದರೂ ತೀರ್ಪುಮಾಡುವ ನಾವು ನಿರ್ದೋಷಿಗಳೋ? ತನ್ನ ಹೊರೆ ತನ್ನದೆಂದೂ, ಪರರ ಭಾರಕ್ಕೆ ಹೆಗಲು ಕೊಡಬೇಕೆಂದೂ ಪೌಲನು ಗಲಾತ್ಯದವರಿಗೆ ಒಂದೇ ಅಧ್ಯಾಯದಲ್ಲಿ ಕಲಿಸುತ್ತಾನೆ. ಆದದರಿಂದ ಹೆಂಡತಿಯನ್ನು ಹೂಣಿಟ್ಟವನ ಮನೆಗೆ ಹೆಂಡದಂಗಡಿಯ ಗೆಳೆಯನು ಬರುವದಕ್ಕೆ ಮೊದಲು ಸಭೆಯವರು ಹೋಗಲಿ.